ಸುರಪುರದ ನಾಯಕ ಅರಸು ಮನೆತನ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ನಾಡಿನಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಆಳಿದ ಬೇಡ ಜನಾಂಗದ ಅರಸು ಮನೆತನವೇ ಸುರಪುರದ ನಾಯಕರು. ಗೋಸಲ ವಂಶ ಎಂಬುದು ಇವರ ಮನೆತನದ ಹೆಸರು. ಸಗರ, ವಾಗಿನಗೇರಾ ಮತ್ತು ಸುರಪುರ ಇವರ ಆಳ್ವಿಕೆಯ ಮೂರು ಮುಖ್ಯ ನೆಲೆಗಳು. ಮೂರೂ ಈಗಿನ ಯಾದಗಿರಿ ಜಿಲ್ಲೆಯಲ್ಲಿವೆ. ಬಿಜಾಪುರದ ಸುಲ್ತಾನರು, ಮೊಗಲರು, ಮರಾಠರು, ನಿಜಾಮರು ಮತ್ತು ಈಸ್ಟ್ ಇಂಡಿಯಾ ಕಂಪನಿ, ಹೀಗೆ ಐದು ದೊಡ್ಡ ಶಕ್ತಿಗಳ ನೆರಳಿನಲ್ಲಿ ಬದುಕಿದ ಈ ಪುಟ್ಟ ಸಂಸ್ಥಾನ 1858ರ ಬಂಡಾಯದೊಂದಿಗೆ ಕೊನೆಗೊಂಡಿತು. ಇಷ್ಟು ದೀರ್ಘ ಕಾಲ ಅದು ಹೇಗೆ ಉಳಿಯಿತು, ಕೊನೆಗೆ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗಳೇ ಈ ಮನೆತನದ ಇತಿಹಾಸದ ತಿರುಳು.

ಗೋಗಿ ಮತ್ತು ಆದಿಲ್‌ಶಾಹಿ ಹಿನ್ನೆಲೆ

ಈ ಇತಿಹಾಸದ ಆರಂಭವನ್ನು ಅರಿಯಲು ಶಹಾಪುರ ತಾಲ್ಲೂಕಿನ ಗೋಗಿ ಗ್ರಾಮಕ್ಕೆ ಹೋಗಬೇಕು. ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾ ಇಲ್ಲಿದೆ. ಬಿಜಾಪುರದ ಆದಿಲ್‌ಶಾಹಿ ರಾಜ್ಯವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಷಾ ಈ ಸಂತರ ಭಕ್ತನಾಗಿದ್ದ. 1510ರಲ್ಲಿ ಆತ ಮರಣ ಹೊಂದಿದಾಗ ಅವನನ್ನು ಇಲ್ಲಿಯೇ ಸಮಾಧಿ ಮಾಡಲಾಯಿತು. ಅವನ ಮಗ ಇಸ್ಮಾಯಿಲ್, ಕೆಲವೇ ತಿಂಗಳು ಪಟ್ಟದಲ್ಲಿದ್ದ ಮಲ್ಲು ಮತ್ತು 1558ರಲ್ಲಿ ತೀರಿಕೊಂಡ ಒಂದನೇ ಇಬ್ರಾಹಿಂ ಕೂಡ ಇಲ್ಲಿಯೇ ಮಣ್ಣಾದರು. ನಂತರದ ಸುಲ್ತಾನರ ಸಮಾಧಿಗಳು ಬಿಜಾಪುರಕ್ಕೆ ಸ್ಥಳಾಂತರಗೊಂಡವು. ಗೋಲಗುಮ್ಮಟದ ವೈಭವವನ್ನು ಕಂಡವರಿಗೆ ಗೋಗಿಯ ಸರಳ ಸಮಾಧಿಗಳು ಅಚ್ಚರಿ ಮೂಡಿಸುತ್ತವೆ.

ಗೋಗಿ, ಸಗರ ಮತ್ತು ಸುರಪುರ ಸೀಮೆ ಆದಿಲ್‌ಶಾಹಿಗಳಿಗೆ ಧಾರ್ಮಿಕ ಶ್ರದ್ಧೆಯ ನೆಲ ಮಾತ್ರವಾಗಿರಲಿಲ್ಲ. ದಕ್ಷಿಣಕ್ಕೆ ಕೃಷ್ಣಾ ನದಿ, ಅದರಾಚೆ ವಿಜಯನಗರದೊಂದಿಗೆ ಸದಾ ಕಾದಾಟಕ್ಕೆ ಕಾರಣವಾಗಿದ್ದ ರಾಯಚೂರು ದೋಆಬ್. ಕಲ್ಲುಗುಡ್ಡಗಳಿಂದ ತುಂಬಿದ ಈ ಸೀಮೆಯನ್ನು ರಾಜಧಾನಿಯಲ್ಲಿ ಕುಳಿತು ಆಳುವುದು ಕಷ್ಟಸಾಧ್ಯ. ಗುಡ್ಡಗಳ ದಾರಿಗಳನ್ನು ಬಲ್ಲವರೂ ಕೋವಿ ಹಿಡಿಯುವುದರಲ್ಲಿ ನಿಪುಣರೂ ಆದ ಬೇಡ ನಾಯಕರು ಸುಲ್ತಾನರಿಗೆ ಅನಿವಾರ್ಯವಾದುದು ಹೀಗೆ. ಸೈನಿಕ ಸೇವೆಗೆ ಪ್ರತಿಯಾಗಿ ಅವರಿಗೆ ನೆಲದ ಹಕ್ಕು ಮತ್ತು ಬಿರುದುಗಳು ದೊರೆತವು. ಅರಸರ ಹೆಸರಿನೊಂದಿಗೆ ಬಳಕೆಯಲ್ಲಿದ್ದ 'ಬಲವಂತ ಬಹರಿ ಬಹದ್ದೂರ್' ಎಂಬ ಬಿರುದಾವಳಿ ಈ ಹಳೆಯ ಸಂಬಂಧದ ಕುರುಹಾಗಿದೆ.

ವಾಗಿನಗೇರಾ ಮುತ್ತಿಗೆ

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮರುವರ್ಷ ಗೋಲ್ಕೊಂಡವೂ ಬಿದ್ದಿತು. ನಾಯಕರ ಪಾಲಿಗೆ ರಕ್ಷಣೆಯ ಗೋಡೆಯಾಗಿದ್ದ ಸುಲ್ತಾನರು ಇಲ್ಲವಾಗಿ, ಮೊಗಲ್ ಸೇನೆ ನೇರವಾಗಿ ಹೊಸ್ತಿಲಿಗೆ ಬಂದು ನಿಂತಿತು. 1687ರ ಕೊನೆಯಲ್ಲಿ ಪಾಮ ನಾಯಕನು ಸಗರ ಕೋಟೆಯನ್ನು ಮೊಗಲರಿಗೆ ಒಪ್ಪಿಸಿದ. ಸ್ವಲ್ಪ ಸಮಯದಲ್ಲೇ ಆತ ಮರಣ ಹೊಂದಿದ.

ಅವನ ಉತ್ತರಾಧಿಕಾರಿ ಪಿಡ್ಡ ನಾಯಕ ಬೇರೆಯೇ ದಾರಿ ಹಿಡಿದ. ಅಗತ್ಯ ಬಿದ್ದಾಗ ಮೊಗಲರ ಸೇವೆಯಲ್ಲಿ ಕಾಣಿಸಿಕೊಂಡ ಆತ, ವಾಗಿನಗೇರಾ ಗುಡ್ಡದ ಮೇಲೆ ತನ್ನ ಬಲವನ್ನು ಸದ್ದಿಲ್ಲದೆ ಹೆಚ್ಚಿಸಿಕೊಂಡ. ಮರಾಠರೊಂದಿಗೆ ಸ್ನೇಹ ಬೆಳೆಸಿದ. ಕೊನೆಗೆ 1705ರ ಫೆಬ್ರವರಿಯಲ್ಲಿ ಸ್ವತಃ ಔರಂಗಜೇಬನೇ ವಾಗಿನಗೇರಾಕ್ಕೆ ಮುತ್ತಿಗೆ ಹಾಕಬೇಕಾಯಿತು. ಆಗ ಚಕ್ರವರ್ತಿಗೆ 86 ವರ್ಷ.

ಸುಮಾರು ಮೂರು ತಿಂಗಳ ಕಾಲ ಗುಡ್ಡ ಬಗ್ಗಲಿಲ್ಲ. ಧನಾಜಿ ಜಾಧವನ ನೇತೃತ್ವದ ಮರಾಠಾ ಪಡೆ ನಾಯಕನ ನೆರವಿಗೆ ಧಾವಿಸಿತು. ಮರಾಠಾ ಸರದಾರರ ಕುಟುಂಬಗಳು ಕೋಟೆಯಲ್ಲಿ ಆಶ್ರಯ ಪಡೆದಿದ್ದುದು ಅದಕ್ಕೊಂದು ಕಾರಣ. ಒಂದು ಕಡೆ ಸಂಧಾನದ ಮಾತು, ಇನ್ನೊಂದು ಕಡೆ ಕಾದಾಟ ನಡೆಸುತ್ತ ಪಿಡ್ಡ ನಾಯಕ ಕಾಲ ತಳ್ಳಿದ. ಜುಲ್ಫಿಕರ್ ಖಾನನ ಪಡೆ ಬಂದು ಸೇರಿದ ಮೇಲೆ ಮೊಗಲರ ಕೈ ಮೇಲಾಯಿತು. ಏಪ್ರಿಲ್ ಕೊನೆಯಲ್ಲಿ ಕೋಟೆ ಬಿದ್ದಾಗ ನಾಯಕ ತನ್ನವರೊಂದಿಗೆ ತಪ್ಪಿಸಿಕೊಂಡಿದ್ದ. ಚಕ್ರವರ್ತಿಗೆ ದಕ್ಕಿದ್ದು ಬರಿದಾದ ಕೋಟೆ ಮಾತ್ರ.

ವಾಗಿನಗೇರಾ, ಔರಂಗಜೇಬ ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಎಂಬುದು ಗಮನಾರ್ಹ. ಮುತ್ತಿಗೆಯ ನಂತರ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗ ಆತ ತೀವ್ರ ಅಸ್ವಸ್ಥನಾದ. ಹಲವು ತಿಂಗಳ ಬಳಿಕ ಉತ್ತರಕ್ಕೆ ಹೊರಟು, 1707ರಲ್ಲಿ ಅಹ್ಮದ್‌ನಗರದಲ್ಲಿ ಕೊನೆಯುಸಿರೆಳೆದ. ಕೋಟೆ ಕಳೆದುಕೊಂಡ ನಾಯಕ ಮಾತ್ರ ತನ್ನ ನಾಡನ್ನು ಉಳಿಸಿಕೊಂಡ.

ಸುರಪುರ ರಾಜಧಾನಿ

ವಾಗಿನಗೇರಾದ ಪತನದ ಬಳಿಕ ಪಿಡ್ಡ ನಾಯಕ ಸುರಪುರದಲ್ಲಿ ನೆಲೆ ನಿಂತ. ಸುತ್ತಲೂ ಗುಡ್ಡಗಳಿದ್ದು, ನಡುವೆ ತಟ್ಟೆಯಂತಿರುವ ಈ ಸ್ಥಳವನ್ನು ಪ್ರಕೃತಿಯೇ ಕೋಟೆಯಾಗಿ ಕಟ್ಟಿದಂತಿದೆ. ಬ್ರಿಟಿಷ್ ದಾಖಲೆಗಳಲ್ಲಿ ಇದರ ಹೆಸರು 'ಶೋರಾಪುರ'.

ನಾಯಕರು ವೈಷ್ಣವ ಭಕ್ತರು. ಅರಮನೆ, ವೇಣುಗೋಪಾಲಸ್ವಾಮಿ ದೇವಾಲಯ, ಬಾವಿ, ಕೆರೆಗಳಿಂದ ಊರು ಬೆಳೆಯಿತು. ವೇಣುಗೋಪಾಲಸ್ವಾಮಿ ಜಾತ್ರೆಯ ಹಾಲೋಕುಳಿ ಮತ್ತು ಕಂಬ ಏರುವ ಆಚರಣೆಗಳನ್ನು ನೋಡಲು ಇಂದಿಗೂ ಸುತ್ತಲಿನ ಹಳ್ಳಿಗಳಿಂದ ಜನ ನೆರೆಯುತ್ತಾರೆ. ಆಸ್ಥಾನದ ಆಶ್ರಯದಲ್ಲಿ ಬೆಳೆದ ಇನ್ನೊಂದು ಕಲೆ ಸುರಪುರ ಶೈಲಿಯ ಚಿತ್ರಕಲೆ. ದೇವತೆಗಳು, ಅರಸರು ಮತ್ತು ದರಬಾರಿನ ದೃಶ್ಯಗಳಿಗೆ ಚಿನ್ನದ ಲೇಪ ಬಳಸಿ ರಚಿಸುತ್ತಿದ್ದ ಈ ಚಿತ್ರಗಳ ಪರಂಪರೆಯಲ್ಲಿ ಗರುಡಾದ್ರಿ ಮನೆತನದ ಕಲಾವಿದರ ಹೆಸರು ಪ್ರಸಿದ್ಧ. ಬೋನಾಳದ ಕೆರೆಯೂ ಸಂಸ್ಥಾನದ ಕಾಲದ್ದೇ. ಈಗ ಅದು ಪಕ್ಷಿಧಾಮವಾಗಿ ಹೆಸರಾಗಿದೆ.

ಆಡಳಿತದ ದೃಷ್ಟಿಯಿಂದ ಸುರಪುರ ಪೂರ್ಣ ಸ್ವತಂತ್ರ ರಾಜ್ಯವಲ್ಲ. ನಿಜಾಮನಿಗೂ ಪೇಶ್ವೆಗೂ ಕಪ್ಪ ಸಲ್ಲಬೇಕಿತ್ತು. ಆದರೆ ಇಬ್ಬರು ಒಡೆಯರಿದ್ದುದೇ ನಾಯಕರಿಗೆ ಅನುಕೂಲವಾಗಿತ್ತು. ಒಬ್ಬರ ಒತ್ತಡ ಹೆಚ್ಚಿದರೆ ಇನ್ನೊಬ್ಬರ ಕಡೆ ವಾಲಲು ಅವಕಾಶವಿತ್ತು. 1818ರಲ್ಲಿ ಪೇಶ್ವೆಯ ಅಧಿಕಾರ ಅಳಿದ ಮೇಲೆ ಈ ತಕ್ಕಡಿಯ ಒಂದು ತಟ್ಟೆ ಕಳಚಿತು. ಉಳಿದವರು ನಿಜಾಮ ಮತ್ತು ಅವನ ಬೆನ್ನಿಗಿದ್ದ ಕಂಪನಿ. ಅವರಿಬ್ಬರೂ ಒಂದೇ ಪಕ್ಷದವರು. ಪಟ್ಟಕ್ಕೆ ಬರುವ ಪ್ರತಿ ಹೊಸ ಅರಸನೂ ನಿಜಾಮನಿಗೆ ಸಲ್ಲಿಸಬೇಕಿದ್ದ ನಜರಾಣೆಯ ಭಾರ ಸಂಸ್ಥಾನವನ್ನು ಸಾಲದಲ್ಲಿ ಮುಳುಗಿಸಿತು.

ಟೇಲರ್ ಸಾಹೇಬರ ಕಾಲ

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಅಧಿಕಾರಕ್ಕಾಗಿ ರಾಣಿ ಈಶ್ವರಮ್ಮ ಮತ್ತು ಅರಸರ ಸಹೋದರ ಪಿಡ್ಡ ನಾಯಕರ ನಡುವೆ ಕಲಹ ಎದ್ದಿತು. ಇದನ್ನು ಬಗೆಹರಿಸಲು ನಿಜಾಮನ ಸೇನೆಯ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಅವರನ್ನು ಸುರಪುರಕ್ಕೆ ಕಳುಹಿಸಲಾಯಿತು. 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಿಂದ ಟೇಲರ್ ಆ ಹೊತ್ತಿಗಾಗಲೇ ಇಂಗ್ಲೆಂಡಿನಲ್ಲಿ ಖ್ಯಾತರಾಗಿದ್ದರು.

ಟೇಲರ್ 1853ರವರೆಗೆ ಸುರಪುರದಲ್ಲಿದ್ದು ಆಡಳಿತ ನಡೆಸಿದರು. ಕಂದಾಯ ವ್ಯವಸ್ಥೆಯನ್ನು ಸರಿಪಡಿಸಿದರು, ಕೆರೆಗಳನ್ನು ದುರಸ್ತಿ ಮಾಡಿಸಿದರು. ರಾಜನಕೋಳೂರು ಮುಂತಾದೆಡೆಗಳ ಬೃಹತ್ ಶಿಲಾಯುಗದ ಗೋರಿಗಳನ್ನು ಅಧ್ಯಯನ ಮಾಡಿ ವಿದ್ವತ್ ಲೋಕಕ್ಕೆ ಪರಿಚಯಿಸಿದವರೂ ಅವರೇ. ಗುಡ್ಡದ ಮೇಲೆ ಅವರು ಕಟ್ಟಿಸಿದ 'ಟೇಲರ್ ಮಂಜಿಲ್' ಊರಿನ ಪ್ರಮುಖ ಸ್ಮಾರಕ. ಬಾಲಕ ಅರಸ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

ಆದರೆ ಈ ಮಮತೆಯ ಹಿಂದಿನ ರಾಜಕೀಯವನ್ನು ಮರೆಯುವಂತಿಲ್ಲ. ಅರಸ ಪ್ರಾಯಕ್ಕೆ ಬಂದು 1853ರಲ್ಲಿ ಆಡಳಿತ ವಹಿಸಿಕೊಂಡಾಗ, ಹನ್ನೆರಡು ವರ್ಷ ಪರಕೀಯ ಅಧಿಕಾರಿಯ ಕೈಯಲ್ಲಿದ್ದ ಸಂಸ್ಥಾನ ಅದಾಗಿತ್ತು. ಅದೇ ವರ್ಷ ನಿಜಾಮನು ರಾಯಚೂರು ದೋಆಬ್, ನಳದುರ್ಗ ಮತ್ತು ಬೀರಾರ್ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ನದಿಯಾಚೆಗಿನ ಲಿಂಗಸುಗೂರಿನಲ್ಲಿ ಕಂಪನಿಯ ಆಡಳಿತ ನೇರವಾಗಿ ನೆಲೆಯೂರಿತು.

1858ರ ಬಂಡಾಯ

1857ರಲ್ಲಿ ಉತ್ತರ ಭಾರತದಲ್ಲಿ ಭುಗಿಲೆದ್ದ ದಂಗೆಯ ಬಿಸಿ ಕನ್ನಡ ನಾಡಿಗೂ ತಟ್ಟಿತು. ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧ ಅದೇ ನವೆಂಬರಿನಲ್ಲಿ ಹಲಗಲಿಯ ಬೇಡರು ಬಂಡೆದ್ದರು. ಸುರಪುರದ ಇಪ್ಪತ್ತಮೂರು-ಇಪ್ಪತ್ತನಾಲ್ಕರ ಅರಸನ ಮೇಲೂ ಸಂಶಯದ ದೃಷ್ಟಿ ಬಿತ್ತು. ನಾನಾಸಾಹೇಬರ ಕಡೆಯವರೊಂದಿಗೆ ಸಂಪರ್ಕ ಹೊಂದಿದ್ದಾನೆ, ಪಡೆ ಕೂಡಿಸುತ್ತಿದ್ದಾನೆ ಎಂಬುದು ಆರೋಪ.

1858ರ ಆರಂಭದಲ್ಲಿ ಹೈದರಾಬಾದಿನ ರೆಸಿಡೆಂಟರು ಕ್ಯಾಪ್ಟನ್ ಕ್ಯಾಂಬೆಲ್ ಅವರನ್ನು ಸುರಪುರಕ್ಕೆ ಕಳುಹಿಸಿದರು. ಫೆಬ್ರವರಿ 7ರ ರಾತ್ರಿ ಅವರ ಶಿಬಿರದ ಮೇಲೆ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತನಾದ. ಲೆಫ್ಟಿನೆಂಟ್ ಸ್ಟುವರ್ಟ್ ಕೂಡ ಪ್ರಾಣ ಕಳೆದುಕೊಂಡ. ಹೆಚ್ಚಿನ ಬ್ರಿಟಿಷ್ ಪಡೆಗಳು ಹತ್ತಿರವಾಗುತ್ತಿದ್ದಂತೆ ಅರಸ ಕೆಲವೇ ಸವಾರರೊಂದಿಗೆ ಊರು ತೊರೆದು ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಸೆರೆಹಿಡಿಸಿ ರೆಸಿಡೆಂಟರಿಗೆ ಒಪ್ಪಿಸಿದರು.

ವಿಚಾರಣೆಯಲ್ಲಿ ಅರಸನಿಗೆ ಮರಣದಂಡನೆ ವಿಧಿಸಲಾಯಿತು. ಅದು ಮೊದಲು ಗಡೀಪಾರಿನ ಶಿಕ್ಷೆಗೆ, ನಂತರ ಮದ್ರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ನಡತೆ ಸರಿಯಿದ್ದರೆ ಸಂಸ್ಥಾನವನ್ನು ಮರಳಿಸುವ ಇಂಗಿತವೂ ಸರ್ಕಾರಕ್ಕಿತ್ತೆಂದು ಟೇಲರ್ ಬರೆದಿದ್ದಾರೆ. ಆದರೆ ಹೈದರಾಬಾದಿನಿಂದ ಹೊರಟ ಕೆಲವೇ ಕಾಲದಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸ ಬಲಿಯಾದ. ಪಿಸ್ತೂಲನ್ನು ಕೈಗೆತ್ತಿಕೊಂಡವನು ಅರಸನೇ ಎಂಬುದು ಟೇಲರ್ ನೀಡುವ ವಿವರ. ಬ್ರಿಟಿಷರೇ ಕೊಂದರೆಂಬ ಮಾತು ಸ್ಥಳೀಯವಾಗಿ ಬೇರೂರಿದೆ. ಲಿಖಿತ ವಿವರಗಳು ಬಹುಮಟ್ಟಿಗೆ ಬ್ರಿಟಿಷ್ ಅಧಿಕಾರಿಗಳ ಲೇಖನಿಯಿಂದಲೇ ಬಂದಿರುವುದರಿಂದ, ಆ ಒಂದು ಗುಂಡಿನ ಕುರಿತ ವಿವಾದ ಮುಗಿದಿಲ್ಲ.

ಒಂದು ಹೋಲಿಕೆ: ಮೊನಾಕೊ

ಸುರಪುರದ ಕೊನೆಯನ್ನು ಅರ್ಥಮಾಡಿಕೊಳ್ಳಲು ಅದೇ ಕಾಲದ ಯುರೋಪಿನ ಒಂದು ಸಣ್ಣ ಸಂಸ್ಥಾನವನ್ನು ಗಮನಿಸಬಹುದು. ಫ್ರಾನ್ಸಿನ ದಕ್ಷಿಣ ಕರಾವಳಿಯ ಮೊನಾಕೊವನ್ನು ಆಳುತ್ತಿರುವುದು ಗ್ರಿಮಾಲ್ಡಿ ಮನೆತನ. 1297ರಲ್ಲಿ ಫ್ರಾನ್ಸೆಸ್ಕೊ ಗ್ರಿಮಾಲ್ಡಿ ಸನ್ಯಾಸಿಯ ವೇಷದಲ್ಲಿ ಬಂದು ಅಲ್ಲಿನ ಬಂಡೆಯ ಮೇಲಿನ ಕೋಟೆಯನ್ನು ವಶಪಡಿಸಿಕೊಂಡನೆಂಬುದು ಪ್ರತೀತಿ. ಗ್ರಿಮಾಲ್ಡಿಗಳೂ ನಾಯಕರಂತೆಯೇ ಬಂಡೆಯ ಮೇಲಿನ ಕೋಟೆಯನ್ನು ನಂಬಿ, ಸ್ಪೇನ್, ಫ್ರಾನ್ಸ್, ಸಾರ್ಡೀನಿಯಾಗಳ ಆಶ್ರಯವನ್ನು ಸಂದರ್ಭಾನುಸಾರ ಬದಲಿಸುತ್ತ ಬಂದವರು.

ಇಬ್ಬರ ಭವಿಷ್ಯವೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ನಿರ್ಧಾರವಾಯಿತು. 1860ರ ಡಿಸೆಂಬರಿನ ಒಪ್ಪಂದದಂತೆ ಬ್ರಿಟಿಷರು ಸುರಪುರವನ್ನು, ದಂಗೆಯ ಕಾಲದಲ್ಲಿ ತಮ್ಮ ಪಕ್ಷದಲ್ಲಿ ನಿಂತ ನಿಜಾಮನಿಗೆ ಕೊಟ್ಟುಬಿಟ್ಟರು. 1861ರ ಫೆಬ್ರವರಿಯಲ್ಲಿ ಮೊನಾಕೊದ ಮೂರನೇ ಚಾರ್ಲ್ಸ್, ಮೊದಲೇ ಕೈತಪ್ಪಿದ್ದ ಮೆಂಟೋನ್ ಮತ್ತು ರೋಕ್‌ಬ್ರೂನ್ ಊರುಗಳ ಹಕ್ಕನ್ನು 40 ಲಕ್ಷ ಫ್ರಾಂಕ್‌ಗಳಿಗೆ ಫ್ರಾನ್ಸಿಗೆ ಬಿಟ್ಟುಕೊಟ್ಟ. ನೆಲದ ಬಹುಪಾಲು ಹೋಯಿತಾದರೂ ಉಳಿದ ಚೂರಿಗೆ ಸಾರ್ವಭೌಮತ್ವದ ಮನ್ನಣೆ ದೊರೆಯಿತು. ಸುಮಾರು ಎರಡು ಚದರ ಕಿಲೋಮೀಟರ್ ವಿಸ್ತಾರದ ಆ ದೇಶವನ್ನು 2005ರಿಂದ ಎರಡನೇ ಆಲ್ಬರ್ಟ್ ಆಳುತ್ತಿದ್ದಾರೆ.

ವ್ಯತ್ಯಾಸ ಶೌರ್ಯದ್ದಲ್ಲ. ಮೊನಾಕೊದ ಅರಸ ತನ್ನ ಹೆಸರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಬಲ್ಲವನಾಗಿದ್ದ. ಸುರಪುರದ ಭವಿಷ್ಯವನ್ನು ಬರೆದ ಒಪ್ಪಂದದಲ್ಲಿ ನಾಯಕರು ಪಕ್ಷಗಾರರೇ ಆಗಿರಲಿಲ್ಲ. ಇಬ್ಬರು ಬಲಾಢ್ಯರ ನಡುವೆ ಕೈಬದಲಾದ ಕೊಡುಗೆಯಾಗಿ ಅವರ ನಾಡು ಉಳಿಯಿತು. ಇನ್ನೊಂದು ಕಾಕತಾಳೀಯವೆಂದರೆ, ಸುರಪುರವನ್ನು ಹನ್ನೆರಡು ವರ್ಷ ಆಳಿದ ಟೇಲರ್ 1876ರಲ್ಲಿ ತೀರಿಕೊಂಡದ್ದು ಮೊನಾಕೊದಿಂದ ಬೇರ್ಪಟ್ಟ ಅದೇ ಮೆಂಟೋನ್‌ನಲ್ಲಿ. ಸುರಪುರದ ನೆನಪುಗಳು ತುಂಬಿದ ಅವರ ಆತ್ಮಕಥೆ ಮರುವರ್ಷ ಪ್ರಕಟವಾಯಿತು.

ನಂತರದ ದಿನಗಳು

ನಿಜಾಮನ ಆಡಳಿತದಲ್ಲಿ ಸುರಪುರ ಒಂದು ತಾಲ್ಲೂಕು ಕೇಂದ್ರವಾಗಿ ಉಳಿಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. 1956ರಲ್ಲಿ ಅದರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಒಂದಾದವು. ಗುಲ್ಬರ್ಗಾ ಜಿಲ್ಲೆಯನ್ನು ವಿಭಜಿಸಿ 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯನ್ನು ರಚಿಸಿದಾಗ ಶಹಾಪುರ, ಸುರಪುರ ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದವು.

ಅರಸೊತ್ತಿಗೆ ಅಳಿದರೂ ಮನೆತನದ ಪ್ರಭಾವ ಅಳಿಯಲಿಲ್ಲ. ಅದು ಮತಪೆಟ್ಟಿಗೆಯ ದಾರಿ ಹಿಡಿಯಿತು. 1858ರ ಅರಸನ ಹೆಸರನ್ನೇ ಹೊತ್ತ ರಾಜಾ ವೆಂಕಟಪ್ಪ ನಾಯಕ ಅವರು 1994, 1999, 2013 ಮತ್ತು 2023ರಲ್ಲಿ ಸುರಪುರದಿಂದ ವಿಧಾನಸಭೆಗೆ ಆಯ್ಕೆಯಾದರು. ಶಾಸಕರಾಗಿರುವಾಗಲೇ 2024ರ ಫೆಬ್ರವರಿ 25ರಂದು ಅವರು ನಿಧನರಾದರು. ತೆರವಾದ ಸ್ಥಾನಕ್ಕೆ ಅದೇ ವರ್ಷದ ಮೇ ತಿಂಗಳಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಪುತ್ರ ರಾಜಾ ವೇಣುಗೋಪಾಲ ನಾಯಕ ಗೆದ್ದರು. ಬೇಡ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದು, ಸುರಪುರ ಕ್ಷೇತ್ರ 2008ರಿಂದ ಆ ವರ್ಗಕ್ಕೆ ಮೀಸಲಾಗಿದೆ.

ಗೋಗಿಯ ಸಮಾಧಿಗಳು, ವಾಗಿನಗೇರಾದ ಕೋಟೆ, ಸುರಪುರದ ಅರಮನೆ ಮತ್ತು ಟೇಲರ್ ಮಂಜಿಲ್ ಎಲ್ಲವನ್ನೂ ಶಹಾಪುರದಿಂದ ಹೊರಟು ಒಂದೆರಡು ದಿನಗಳಲ್ಲಿ ನೋಡಿ ಬರಬಹುದು. ಹಂಪಿ, ಬಿಜಾಪುರಗಳಿಗೆ ಹೋಗುವ ಪ್ರವಾಸಿಗರು ಈ ಕಡೆ ತಿರುಗುವುದು ಕಡಿಮೆ. ದೊಡ್ಡ ರಾಜ್ಯಗಳ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದ ಈ ನಾಡಿಗೆ, ಆ ರಾಜ್ಯಗಳ ಏಳುಬೀಳುಗಳನ್ನು ಹತ್ತಿರದಿಂದ ಕಂಡ ತನ್ನದೇ ಆದ ಚರಿತ್ರೆಯಿದೆ.