ಮನೆ ಹೇಗಿದೆ? ಒಂದು ಪ್ರಶ್ನೆಯ ನೂರು ವರ್ಷ

ಹೋಟೆಲಿನ ಕಾಫಿ ರುಚಿಸದಿದ್ದರೆ ಗಿರಾಕಿ ಮರುದಿನ ಎದುರಿನ ಹೋಟೆಲಿಗೆ ಹೋಗುತ್ತಾನೆ. ಗಲ್ಲಾದ ಮೇಲೆ ಕುಳಿತ ಮಾಲೀಕನಿಗೆ ತನ್ನ ತಪ್ಪು ತಿಳಿಯಲು ಒಂದು ವಾರ ಸಾಕು. ಮನೆ ಕಟ್ಟಿ ಮಾರುವವನಿಗೆ ಈ ಅನುಕೂಲವಿಲ್ಲ. ಸಾಮಾನ್ಯ ಸಂಸಾರಸ್ಥ ಜೀವಮಾನದಲ್ಲಿ ಕೊಳ್ಳುವುದು ಒಂದು ಮನೆ, ಹೆಚ್ಚೆಂದರೆ ಎರಡು. ಕೊಂಡದ್ದು ಸರಿಬಂದರೂ ಅವನು ಮತ್ತೆ ಅಂಗಡಿಗೆ ಬರುವುದಿಲ್ಲ, ಸರಿಬಾರದಿದ್ದರೂ ಬರುವುದಿಲ್ಲ. ಹೀಗಾಗಿ ಗಿರಾಕಿಯ ಮೌನ ಇಲ್ಲಿ ಏನನ್ನೂ ಹೇಳುವುದಿಲ್ಲ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆಯೊಡೆಯ ಮೇಸ್ತ್ರಿಯ ಪಕ್ಕದಲ್ಲೇ ನಿಂತಿರುತ್ತಿದ್ದ. ಕಿಟಕಿ ಎಲ್ಲಿರಬೇಕು, ಒಲೆ ಯಾವ ಮೂಲೆಗೆ ಬರಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತಿತ್ತು. ಮನೆಗಳು ಸಾವಿರಗಟ್ಟಲೆ ಸಿದ್ಧವಾಗಿ ಮಾರಾಟಕ್ಕೋ ಬಾಡಿಗೆಗೋ ಬರತೊಡಗಿದಾಗ ಕಟ್ಟುವವನಿಗೂ ವಾಸಿಸುವವನಿಗೂ ನಡುವಿನ ಮಾತು ನಿಂತಿತು. ಕಡಿದುಹೋದ ಆ ಮಾತನ್ನು ಮತ್ತೆ ಜೋಡಿಸುವ ಪ್ರಯತ್ನವೇ ಇಂದು ರಿಯಲ್ ಎಸ್ಟೇಟ್ ಕಂಪನಿಗಳು ಕಳುಹಿಸುವ ‘ಗ್ರಾಹಕ ತೃಪ್ತಿ ಸಮೀಕ್ಷೆ’. ಮೇಲ್ನೋಟಕ್ಕೆ ಅದು ನಾಲ್ಕಾರು ಪ್ರಶ್ನೆಗಳ ಒಂದು ಫಾರಂ. ಅದರ ಹಿಂದೆ ಮಾತ್ರ ನೂರು ವರ್ಷಗಳ ಇತಿಹಾಸವಿದೆ. ಅದರ ದಾಖಲೆಗಳು ಬ್ರಿಟನ್ನಿನಲ್ಲಿ ಚೆನ್ನಾಗಿ ಉಳಿದಿವೆ.

ಮುಂಗೋಣೆಯ ಜಗಳ

1918ರ ಫೆಬ್ರುವರಿ. ಮೊದಲನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬ್ರಿಟನ್ನಿನಲ್ಲಿ 30 ವರ್ಷ ದಾಟಿದ ಬಹುಪಾಲು ಮಹಿಳೆಯರಿಗೆ ಆಗಷ್ಟೇ ಮತದಾನದ ಹಕ್ಕು ಸಿಕ್ಕಿತ್ತು. ಯುದ್ಧ ಮುಗಿದ ಮೇಲೆ ಕಾರ್ಮಿಕರಿಗಾಗಿ ಲಕ್ಷಾಂತರ ಮನೆಗಳನ್ನು ಕಟ್ಟಬೇಕಾಗುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. ಅಲ್ಲಿನ ಪುನರ್ನಿರ್ಮಾಣ ಸಚಿವಾಲಯ ಲೇಡಿ ಎಮೊಟ್ ಅವರ ಅಧ್ಯಕ್ಷತೆಯಲ್ಲಿ ಒಂದು ಮಹಿಳಾ ವಸತಿ ಉಪಸಮಿತಿಯನ್ನು ನೇಮಿಸಿತು. ಮನೆಯಲ್ಲಿ ದಿನವಿಡೀ ದುಡಿಯುವವಳು ಗೃಹಿಣಿ. ನಕ್ಷೆಯ ಬಗ್ಗೆ ಅವಳನ್ನೇ ಕೇಳಿ ನೋಡುವುದು ಆ ಸಮಿತಿಯ ಕೆಲಸವಾಗಿತ್ತು.

ಅದಕ್ಕೂ ಮುನ್ನವೇ ಮಹಿಳಾ ಕಾರ್ಮಿಕ ಸಂಘಟನೆಯೊಂದು ದುಡಿಯುವ ಹೆಂಗಸರಲ್ಲಿ ಪ್ರಶ್ನಾವಳಿಗಳನ್ನು ಹಂಚಿ ಅಭಿಪ್ರಾಯ ಕಲೆಹಾಕತೊಡಗಿತ್ತು. ಬಂದ ಬೇಡಿಕೆಗಳಲ್ಲಿ ಆಡಂಬರದ ಮಾತಿರಲಿಲ್ಲ. ಸ್ನಾನಕ್ಕೆ ಪ್ರತ್ಯೇಕ ಕೋಣೆ ಬೇಕು, ನಲ್ಲಿಯಲ್ಲಿ ಬಿಸಿನೀರು ಬೇಕು, ಅಡಿಗೆ ಮತ್ತು ಬಟ್ಟೆ ಒಗೆಯುವ ಶ್ರಮ ಕಡಿಮೆಯಾಗಬೇಕು. ಇವೆಲ್ಲದರ ಜೊತೆಗೆ ಮನೆಯ ಮುಂಭಾಗದಲ್ಲಿ ಒಂದು ‘ಪಾರ್ಲರ್’ ಬೇಕು.

ಈ ಪಾರ್ಲರ್ ಎಂಬ ಮುಂಗೋಣೆ ತಜ್ಞರ ಕಣ್ಣಿಗೆ ಶುದ್ಧ ದುಂದುವೆಚ್ಚ. ಇಂಗ್ಲೆಂಡಿನ ಪ್ರಖ್ಯಾತ ನಗರ ಯೋಜಕ ರೇಮಂಡ್ ಅನ್ವಿನ್ 1902ರಲ್ಲೇ ಅದನ್ನು ಟೀಕಿಸಿದ್ದರು. ವಾರಕ್ಕೊಮ್ಮೆ ಬಳಸುವ ಕೋಣೆಗೆ ಜಾಗ ಕೊಡುವ ಬದಲು, ಬಿಸಿಲು ಬೀಳುವ ಒಂದೇ ದೊಡ್ಡ ನಡುಮನೆ ಇರಲಿ ಎಂಬುದು ಅವರ ವಾದ. ಕಾಗದದ ಮೇಲೆ ಆ ವಾದ ಸರಿಯಾಗಿಯೇ ಇತ್ತು. ಆದರೆ ಹೆಂಗಸರ ಲೆಕ್ಕ ಬೇರೆ. ಬಂದ ನೆಂಟರನ್ನು ಕೂರಿಸಲು, ಮಕ್ಕಳು ಗದ್ದಲವಿಲ್ಲದೆ ಓದಿಕೊಳ್ಳಲು, ರೋಗಿಯನ್ನು ಮಲಗಿಸಲು, ಮನೆಯಲ್ಲಿ ಸಾವಾದರೆ ಶವವನ್ನು ಇರಿಸಲು ಅವರಿಗೆ ಆ ಕೋಣೆ ಬೇಕಾಗಿತ್ತು. ಜಗಲಿ, ಪಡಸಾಲೆಗಳ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡವನಿಗೂ ಮರ್ಯಾದೆಯ ಒಂದು ಜಾಗ ಬೇಕು.

ಮಹಿಳಾ ಉಪಸಮಿತಿಯ ಶಿಫಾರಸುಗಳು ದುಬಾರಿ ಎಂದು ಅಧಿಕಾರಿಗಳು ಮೂಗು ಮುರಿದರು. ಆದರೂ ಅದೇ ವರ್ಷ ನವೆಂಬರಿನಲ್ಲಿ ಹೊರಬಂದ ಟ್ಯೂಡರ್ ವಾಲ್ಟರ್ಸ್ ಸಮಿತಿಯ ವರದಿ, ಸಾಧ್ಯವಾದಷ್ಟು ಕಡೆ ಮುಂಗೋಣೆಯಿರುವ ಮನೆಗಳನ್ನೇ ಕಟ್ಟಬೇಕೆಂದು ಹೇಳಿತು. ಆ ಸಮಿತಿಯ ಪ್ರಮುಖ ಸದಸ್ಯರಲ್ಲಿ ಒಬ್ಬರು ಅನ್ವಿನ್! ತಜ್ಞನ ವಾದಕ್ಕಿಂತ ವಾಸಿಸುವವರ ಉತ್ತರ ಮೇಲಾದ ಅಪರೂಪದ ಸಂದರ್ಭವಿದು. 1919ರ ವಸತಿ ಕಾಯ್ದೆಯಡಿ ಕಟ್ಟಿದ ಮನೆಗಳಲ್ಲಿ ಮುಂಗೋಣೆಗೆ ಸ್ಥಾನ ಸಿಕ್ಕಿತು. ಎರಡು ವರ್ಷ ಕಳೆಯುವುದರೊಳಗೆ ಸರ್ಕಾರದ ಖಜಾನೆ ಬಿಗಿಯಾಯಿತು, ಯೋಜನೆ ಮೊಟಕಾಯಿತು ಎಂಬುದು ಬೇರೆ ಮಾತು.

ಕೇಳಿ ಮರೆತ ಉತ್ತರ

ಎರಡನೆಯ ಮಹಾಯುದ್ಧದ ಹೊತ್ತಿಗೆ ಕೇಳುವ ಕಲೆ ಇನ್ನಷ್ಟು ಪಳಗಿತ್ತು. 1937ರಲ್ಲಿ ಹುಟ್ಟಿದ ‘ಮಾಸ್ ಅಬ್ಸರ್ವೇಶನ್’ ಎಂಬ ಸಂಸ್ಥೆ ಬ್ರಿಟನ್ನಿನ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ದಾಖಲಿಸುತ್ತಿತ್ತು. ಜಾಹೀರಾತು ಉದ್ಯಮದವರ ಕೂಟವೊಂದು ಅದರಿಂದ ಮನೆಗಳ ಬಗ್ಗೆ ಸಮೀಕ್ಷೆ ಮಾಡಿಸಿತು. ಅದರ ವರದಿ 1943ರಲ್ಲಿ ಪುಸ್ತಕವಾಗಿ ಬಂತು. ಹಳೆಯ ಓಣಿಗಳು, ತೋಟನಗರಗಳು, ಹೊಸ ಬಡಾವಣೆಗಳು, ಫ್ಲಾಟುಗಳು ಹೀಗೆ ಬೇರೆ ಬೇರೆ ಬಗೆಯ ವಸತಿಗಳಿಗೆ ಹೋದ ಕಾರ್ಯಕರ್ತರು ಗೃಹಿಣಿಯರೊಡನೆ ಮಾತನಾಡಿದರು. ಅಡಿಗೆಮನೆ ಇಕ್ಕಟ್ಟು ಎಂಬ ದೂರು ಎದ್ದು ಕಂಡಿತು. ಬಹುಪಾಲು ಜನ ಬಯಸಿದ್ದು ಹಿತ್ತಲಿರುವ ಸಣ್ಣ ಮನೆ. ಫ್ಲಾಟಿನ ಬದುಕನ್ನು ಬಯಸಿದವರು ಬೆರಳೆಣಿಕೆಯಷ್ಟು.

ಮರುವರ್ಷವೇ ಬಂದ ಡಡ್ಲಿ ಸಮಿತಿಯ ವರದಿ ಮೂರು ಮಲಗುವ ಕೋಣೆಗಳ ಮನೆಗೆ ಕನಿಷ್ಠ 900 ಚದರಡಿ ಇರಬೇಕೆಂದಿತು. ಅಲ್ಲಿಗೆ ಜನರ ಮಾತು ಅರ್ಧದಷ್ಟು ಮುಟ್ಟಿತು ಎನ್ನಬಹುದು. ಉಳಿದರ್ಧ, ಅಂದರೆ ಫ್ಲಾಟು ಬೇಡವೆಂಬ ಮಾತು ಕಡತದಲ್ಲೇ ಉಳಿಯಿತು. 1956ರ ಕಾನೂನು ಕಟ್ಟಡ ಎತ್ತರವಾದಷ್ಟೂ ಹೆಚ್ಚು ಸಹಾಯಧನ ಎಂಬ ಏರ್ಪಾಡು ಮಾಡಿತು. ಪುರಸಭೆಗಳು ಪೈಪೋಟಿಯ ಮೇಲೆ ಬಹುಮಹಡಿ ಗೋಪುರಗಳನ್ನು ಎಬ್ಬಿಸಿದವು. ಜನ ಏನು ಕೇಳಿದ್ದರು ಎಂಬುದು ಗೊತ್ತಿಲ್ಲದೆ ನಡೆದ ಕೆಲಸವಲ್ಲ ಅದು. ಸಮೀಕ್ಷೆ ಸುಧಾರಣೆಯಾಗಬೇಕಾದರೆ ಉತ್ತರವನ್ನು ಓದುವವನ ಕೈಯಲ್ಲಿ ಹಣದ ಥೈಲಿಯೂ ಇರಬೇಕು ಎಂಬುದು ಇಲ್ಲಿಯ ಪಾಠ.

ಒಂದೇ ಮನೆ, ಎರಡು ಉತ್ತರ

ಪ್ರಶ್ನೆ ಯಾವುದು ಎಂಬುದರ ಮೇಲೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯಲು ಅಟ್ಲಾಂಟಿಕ್ ಸಾಗರದ ಆಚೆಗೆ ಹೋಗಬೇಕು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದ ನಡುವೆ ‘ಪ್ರುಯಿಟ್ ಐಗೋ’ ಎಂಬ ಸರ್ಕಾರಿ ವಸತಿ ಸಮುಚ್ಚಯ ತಲೆಯೆತ್ತಿತು. 11 ಅಂತಸ್ತುಗಳ 33 ಕಟ್ಟಡಗಳು. ವಾಸ್ತುಶಿಲ್ಪಿ ಮಿನೋರು ಯಮಸಾಕಿ. ಖರ್ಚು ಉಳಿಸಲು ಲಿಫ್ಟುಗಳು ಪ್ರತಿ ಅಂತಸ್ತಿನಲ್ಲೂ ನಿಲ್ಲದೆ, ಎರಡೆರಡನ್ನು ಬಿಟ್ಟು ಒಂದರಲ್ಲಿ ಮಾತ್ರ ನಿಲ್ಲುತ್ತಿದ್ದವು. ಉಳಿದ ಅಂತಸ್ತಿನವರು ಮೆಟ್ಟಿಲು ಹತ್ತಬೇಕು, ಇಲ್ಲವೇ ಇಳಿಯಬೇಕು.

1960ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ಲೀ ರೇನ್‌ವಾಟರ್ ನೇತೃತ್ವದ ತಂಡ ಅಲ್ಲಿನ ನಿವಾಸಿಗಳನ್ನು ಅಭ್ಯಸಿಸಿತು. ನಿಮ್ಮ ಫ್ಲಾಟು ತೃಪ್ತಿಕರವಾಗಿದೆಯೇ ಎಂದಾಗ ಹೆಚ್ಚಿನವರು ಹೌದೆಂದರು. ಈ ಸಮುಚ್ಚಯದಲ್ಲಿ ವಾಸಿಸುವುದು ತೃಪ್ತಿಕರವಾಗಿದೆಯೇ ಎಂದಾಗ ಹೌದೆಂದವರ ಸಂಖ್ಯೆ ತೀರ ಇಳಿಯಿತು. ಬಾಗಿಲ ಒಳಗೆ ಎಲ್ಲ ಸರಿಯಿತ್ತು. ಬಾಗಿಲ ಹೊರಗಿನ ಮೆಟ್ಟಿಲು, ಲಿಫ್ಟು, ಓಣಿಗಳು ಯಾರ ಕಣ್ಗಾವಲಿಗೂ ಸಿಗದ ಭಯದ ತಾಣಗಳಾಗಿದ್ದವು. ಮೊದಲ ಪ್ರಶ್ನೆಯನ್ನಷ್ಟೇ ಕೇಳಿ ಸುಮ್ಮನಾಗಿದ್ದರೆ ‘ನಿವಾಸಿಗಳು ಸಂತುಷ್ಟರು’ ಎಂದು ವರದಿ ಬರೆಯಬಹುದಿತ್ತು. 1972ರಲ್ಲಿ ಸರ್ಕಾರ ಈ ಕಟ್ಟಡಗಳನ್ನು ಸಿಡಿಮದ್ದಿಟ್ಟು ಕೆಡವಲು ತೊಡಗಿತು. 1976ರ ವೇಳೆಗೆ ಇಡೀ ಸಮುಚ್ಚಯ ನೆಲಸಮವಾಯಿತು. ಬಡತನ, ವರ್ಣಭೇದ, ನಿರ್ವಹಣೆಗೆ ಹಣದ ಕೊರತೆ ಎಲ್ಲವೂ ಅದರ ಅವನತಿಗೆ ಕಾರಣಗಳೇ. ಸಮೀಕ್ಷಕರಿಗೆ ಸಿಕ್ಕ ಪಾಠ ಮಾತ್ರ ಸ್ಪಷ್ಟ. ಮನೆ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ. ಪ್ರಶ್ನೆ ಹೊಸ್ತಿಲು ದಾಟಿ ಹೋಗಬೇಕು.

ಗೇಟಿನ ಹೊರಗಿದ್ದವರು

ಖಾಸಗಿ ರಿಯಲ್ ಎಸ್ಟೇಟಿನ ಕಥೆಯೂ ಅಮೆರಿಕದಲ್ಲೇ ಸಿಗುತ್ತದೆ. ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡಿನ ಆಲೂಗೆಡ್ಡೆ ಹೊಲಗಳಲ್ಲಿ ವಿಲಿಯಂ ಲೆವಿಟ್ ಅವರ ಕಂಪನಿ 1947ರಿಂದ 1951ರವರೆಗೆ 17 ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಾರ್ಖಾನೆಯ ಸರಕಿನಂತೆ ಕಟ್ಟಿತು. ಅದೇ ಲೆವಿಟ್‌ಟೌನ್. ಎಲ್ಲ ಮನೆಗಳೂ ಒಂದೇ ಅಚ್ಚು, ಅಲ್ಲಿನ ಬದುಕು ನೀರಸ ಎಂದು ಬುದ್ಧಿಜೀವಿಗಳು ಹಳಿದರು. ಈ ಮಾತು ನಿಜವೇ ಎಂದು ನೋಡಲು ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗಾನ್ಸ್ 1958ರಲ್ಲಿ ನ್ಯೂಜೆರ್ಸಿಯ ಹೊಸ ಲೆವಿಟ್‌ಟೌನಿನಲ್ಲಿ ತಾವೇ ಮನೆ ಮಾಡಿ ನೆಲೆಸಿದರು. ನಿವಾಸಿಗಳಿಗೆ ಪ್ರಶ್ನಾವಳಿ ಕಳುಹಿಸಿದರು, ಸಂದರ್ಶನ ನಡೆಸಿದರು. 1967ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ ಅಲ್ಲಿನವರಲ್ಲಿ ಹೆಚ್ಚಿನವರು ತಮ್ಮ ಮನೆ, ನೆರೆಹೊರೆಗಳ ಬಗ್ಗೆ ಸಂತೋಷವಾಗಿಯೇ ಇದ್ದರು.

ಆದರೆ ಆ ಸಂತೋಷಕ್ಕೆ ಒಂದು ಬೇಲಿಯಿತ್ತು. ಲೆವಿಟ್ ಕಂಪನಿ ಕಪ್ಪು ಜನರಿಗೆ ಮನೆ ಮಾರುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಆ ಬಾಗಿಲು ತೆರೆದದ್ದು ವ್ಯಾಜ್ಯ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಮೇಲೆ, 1960ರಲ್ಲಿ. ಎಷ್ಟೇ ಪ್ರಾಮಾಣಿಕವಾಗಿ ನಡೆದರೂ ಗ್ರಾಹಕರ ಸಮೀಕ್ಷೆ ಗ್ರಾಹಕರನ್ನು ಮಾತ್ರ ಕೇಳುತ್ತದೆ. ಗೇಟಿನಿಂದಲೇ ಹಿಂದೆ ಕಳುಹಿಸಿದವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಕಂಪನಿಯ ಮಟ್ಟಿಗೆ ಶೇಕಡಾ ನೂರರಷ್ಟು ತೃಪ್ತಿಯೂ ಇಡೀ ಊರಿನ ಮಟ್ಟಿಗೆ ಅನ್ಯಾಯವಾಗಿರಬಹುದು.

ನಕ್ಷತ್ರಗಳ ಕಾಲ

ಮತ್ತೆ ಬ್ರಿಟನ್ನಿಗೆ ಬರೋಣ. 1980ರ ದಶಕದ ನಂತರ ಅಲ್ಲಿ ಪುರಸಭೆಗಳ ಮನೆ ನಿರ್ಮಾಣ ಕುಗ್ಗಿ, ಹೊಸ ಮನೆಗಳ ಬಹುಭಾಗ ಖಾಸಗಿ ಕಂಪನಿಗಳ ಕೈಸೇರಿತ್ತು. ಮನೆಗಳ ಕೊರತೆಯ ಬಗ್ಗೆ ಅರ್ಥಶಾಸ್ತ್ರಜ್ಞೆ ಕೇಟ್ ಬಾರ್ಕರ್ 2004ರ ಮಾರ್ಚಿನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟರು. ಬೇಡಿಕೆ ಹೆಚ್ಚಿ ಪೂರೈಕೆ ಕಡಿಮೆಯಿದ್ದಾಗ ಕಂಪನಿಗಳು ಪೈಪೋಟಿ ನಡೆಸುವುದು ಜಮೀನಿಗಾಗಿಯೇ ಹೊರತು ಗಿರಾಕಿಗಾಗಿ ಅಲ್ಲ ಎಂಬುದು ಅದರ ಒಂದು ಮುಖ್ಯ ಅಂಶ. ಎಂಥ ಮನೆ ಕಟ್ಟಿದರೂ ಮಾರಾಟವಾಗುತ್ತದೆ ಎಂದಾದ ಮೇಲೆ ಗುಣಮಟ್ಟಕ್ಕೆ ಯಾರು ತಲೆಕೆಡಿಸಿಕೊಳ್ಳುತ್ತಾರೆ? ತಮ್ಮ ಬಿಲ್ಡರನ್ನು ಇತರರಿಗೆ ಶಿಫಾರಸು ಮಾಡುವೆವು ಎನ್ನುವ ಖರೀದಿದಾರರ ಪ್ರಮಾಣ ಆಗ ಶೇಕಡಾ 46. ಇದನ್ನು 2007ರೊಳಗೆ ಕನಿಷ್ಠ ಶೇಕಡಾ 75ಕ್ಕೆ ಏರಿಸಬೇಕೆಂದು ಬಾರ್ಕರ್ ಗುರಿ ಇಟ್ಟರು.

ಇತರರಿಗೆ ಶಿಫಾರಸು ಮಾಡುವಿರಾ ಎಂಬ ಪ್ರಶ್ನೆಯೇ ಆ ಕಾಲದ ಉದ್ಯಮ ಲೋಕದ ಮಂತ್ರವಾಗಿತ್ತು. ಅಮೆರಿಕದ ಫ್ರೆಡ್ ರೀಚೆಲ್ಡ್ 2003ರಲ್ಲಿ ಬರೆದ ಲೇಖನವೊಂದರಲ್ಲಿ ಈ ಪ್ರಶ್ನೆಗೆ ಸೊನ್ನೆಯಿಂದ 10ರವರೆಗೆ ಅಂಕ ಕೇಳುವ ಪದ್ಧತಿಯನ್ನು ಮುಂದಿಟ್ಟಿದ್ದರು. ಒಂದೇ ಸಲ ಕೊಳ್ಳುವ ಸರಕಾದ ಮನೆಗೆ ಈ ಪ್ರಶ್ನೆ ಚೆನ್ನಾಗಿ ಹೊಂದುತ್ತದೆ. ಗಿರಾಕಿ ತಾನು ಮತ್ತೆ ಬರದಿದ್ದರೂ ತನ್ನ ತಂಗಿಯನ್ನೋ ಗೆಳೆಯನನ್ನೋ ಕಳುಹಿಸಬಲ್ಲ.

ಬಾರ್ಕರ್ ವರದಿಯ ನಂತರ ಬ್ರಿಟನ್ನಿನ ಮನೆ ನಿರ್ಮಾಪಕರ ಒಕ್ಕೂಟ ರಾಷ್ಟ್ರೀಯ ಸಮೀಕ್ಷೆಯನ್ನು ಆರಂಭಿಸಿತು. ಕೀಲಿಕೈ ಪಡೆದ ಸುಮಾರು 8 ವಾರಗಳಿಗೆ ಖರೀದಿದಾರರಿಗೆ ಪ್ರಶ್ನಾವಳಿ ಹೋಗುತ್ತದೆ. ಶೇಕಡಾ 90ರಷ್ಟು ಜನ ಶಿಫಾರಸು ಮಾಡುವೆವೆಂದರೆ ಕಂಪನಿಗೆ ಐದು ನಕ್ಷತ್ರಗಳ ಗೌರವ. ಕಂಪನಿಗಳು ಎಚ್ಚೆತ್ತವು. ಗುರಿಯನ್ನೂ ದಾಟಿ ಶಿಫಾರಸಿನ ಪ್ರಮಾಣ ಮೇಲೇರಿತು. ಐದು ನಕ್ಷತ್ರಗಳು ಜಾಹೀರಾತು ಫಲಕಗಳಲ್ಲಿ ಮಿನುಗಿದವು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: ಮನೆಗೆ ಬಂದ ಮೇಲೆ ಬಿಲ್ಡರಿಗೆ ಯಾವುದಾದರೂ ದೋಷ ತಿಳಿಸಿದ್ದೀರಾ? ಸರಿಯಾಗಿ ಮುಚ್ಚದ ಬಾಗಿಲು, ಸೋರುವ ಕೊಳಾಯಿ, ಬಿರುಕು ಬಿಟ್ಟ ಗಾರೆ ಇತ್ಯಾದಿ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಹೌದು ಎನ್ನುತ್ತಿದ್ದರು. ಎರಡು ಉತ್ತರಗಳೂ ಸುಳ್ಳಲ್ಲ. 8 ವಾರ ಎಂದರೆ ಹೊಸ ಮನೆಯ ಸಡಗರ ಇನ್ನೂ ಆರಿರದ ಹೊತ್ತು. ಸಾಲ ಮಾಡಿ ಕೊಂಡ ಮನೆಯನ್ನು ತಾನೇ ಕೆಟ್ಟದ್ದೆನ್ನಲು ಯಾರಿಗೂ ಮನಸ್ಸು ಬಾರದು. ಮುಂದೆ 9 ತಿಂಗಳ ನಂತರ ಮತ್ತೆ ಕೇಳುವ ಸಮೀಕ್ಷೆಯೂ ಬಂತು. ಅಷ್ಟು ಹೊತ್ತಿಗೆ ಮನೆ ಒಂದು ಚಳಿಗಾಲವನ್ನೋ ಮಳೆಯನ್ನೋ ಕಂಡಿರುತ್ತದೆ, ದೂರು ಕೊಟ್ಟಾಗ ಕಂಪನಿಯ ಮುಖ ಹೇಗಿರುತ್ತದೆ ಎಂಬುದೂ ಗೊತ್ತಾಗಿರುತ್ತದೆ. ಸಹಜವಾಗಿಯೇ ಅದರಲ್ಲಿ ಬರುವ ಅಂಕ ಕಡಿಮೆ.

ಅಂಕಕ್ಕೆ ಬಹುಮಾನ ಕಟ್ಟಿದರೆ ಅಂಕವೇ ಕೆಡುತ್ತದೆ ಎಂಬುದು ಇನ್ನೊಂದು ಅನುಭವ. ನೌಕರರು ಗ್ರಾಹಕರನ್ನು ಗೋಗರೆದು ಹೆಚ್ಚಿನ ಅಂಕ ಪಡೆಯುವುದು ತಮ್ಮ ಪದ್ಧತಿಯ ದುರ್ಬಳಕೆ ಎಂದು ಸ್ವತಃ ರೀಚೆಲ್ಡ್ 2021ರಲ್ಲಿ ದೂರಿದರು.

ಕೇಳಿದ ಮೇಲೇನು?

ಬ್ರಿಟನ್ ಕಡೆಗೆ ಅರಿತದ್ದು, ಸಮೀಕ್ಷೆ ಒಂದೇ ಸಾಲದು ಎಂಬುದನ್ನು. ಹೊಸ ಮನೆಗಳ ಗುಣಮಟ್ಟದ ಬಗ್ಗೆ ಸಂಸದರ ಗುಂಪೊಂದು 2016ರಲ್ಲಿ ವಿಚಾರಣೆ ನಡೆಸಿ, ಸ್ವತಂತ್ರ ಓಂಬಡ್ಸ್‌ಮನ್ ಬೇಕೆಂದು ಹೇಳಿತು. 2022ರಲ್ಲಿ ಹೊಸ ಮನೆಗಳ ಓಂಬಡ್ಸ್‌ಮನ್ ವ್ಯವಸ್ಥೆ ಬಂತು. ಜೊತೆಗೆ ಬಂದ ಸಂಹಿತೆಯ ಪ್ರಕಾರ, ಕೀಲಿಕೈ ಪಡೆಯುವ ಮುನ್ನವೇ ತನ್ನ ಪರವಾಗಿ ತಜ್ಞರಿಂದ ಮನೆಯ ತಪಾಸಣೆ ಮಾಡಿಸುವ ಅವಕಾಶ ಖರೀದಿದಾರನಿಗೆ ಸಿಕ್ಕಿತು. ‘ತೃಪ್ತಿಯಾಯಿತೇ’ ಎಂದು ಆಮೇಲೆ ಕೇಳುವುದಕ್ಕಿಂತ ‘ಬಂದು ನೋಡಿ’ ಎಂದು ಮೊದಲೇ ಕರೆಯುವುದು ಮೇಲಲ್ಲವೇ?

ಹಾಗೆಂದು ಫಾರಂ ವ್ಯರ್ಥ ಎಂದಲ್ಲ. ಅದರಿಂದ ಪ್ರಯೋಜನ ಪಡೆಯಬೇಕೆನ್ನುವ ಮನೆ ವ್ಯಾಪಾರಿಗೆ ಈ ಇತಿಹಾಸ ಕೆಲವು ಸರಳ ಮಾತು ಹೇಳುತ್ತದೆ. ಮನೆಯೊಳಗಿನ ಜೊತೆಗೆ ಹೊರಗಿನದನ್ನೂ ಕೇಳಬೇಕು. ಕೀಲಿಕೈ ಕೊಟ್ಟ ವಾರವಷ್ಟೇ ಅಲ್ಲ, ಒಂದು ಮಳೆಗಾಲ ಕಳೆದ ಮೇಲೂ ಕೇಳಬೇಕು. ಕೊಂಡವರ ಜೊತೆಗೆ, ವಿಚಾರಿಸಿ ಕೊಳ್ಳದೆ ಹೋದವರನ್ನೂ ಕೇಳಬೇಕು. ಬಂದ ದೂರನ್ನು ಮಾರಾಟ ವಿಭಾಗದ ಕಪಾಟಿಗಲ್ಲ, ಮುಂದಿನ ನಕ್ಷೆ ಬರೆಯುವವನ ಮೇಜಿಗೆ ಕಳುಹಿಸಬೇಕು. 1918ರಲ್ಲಿ ಮುಂಗೋಣೆ ಬೇಕೆಂದ ಹೆಂಗಸರ ಮಾತು ಮುಟ್ಟಿದ್ದು ಅಂಥದೇ ಒಂದು ಮೇಜಿಗೆ. ನಕ್ಷೆ ಬದಲಾದದ್ದು ಆದ್ದರಿಂದಲೇ.