ಕದಂಬ ನೌಕಾನೆಲೆ: ವಿಕ್ರಮಾದಿತ್ಯದ ಮೇಲಿಳಿದ ತೇಜಸ್

ಕಾರವಾರದ ಬಳಿ ಅರ್ಗಾದಲ್ಲಿರುವ ಐಎನ್‌ಎಸ್ ಕದಂಬ ನೌಕಾನೆಲೆಯ ಚರಿತ್ರೆಯನ್ನು 2005ರ ಮೇ 31ರ ಉದ್ಘಾಟನೆಯಿಂದ ಹೇಳುವುದು ವಾಡಿಕೆ. ಊರಿನವರ ಲೆಕ್ಕ ಬೇರೆ. ಅದು 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಈ ನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದಲ್ಲಿಂದ ಶುರುವಾಗುತ್ತದೆ. ಆಮೇಲೆ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳವರು ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟೆದ್ದರು. ಪರಿಹಾರದ ವ್ಯಾಜ್ಯ ದಶಕಗಟ್ಟಲೆ ನಡೆಯಿತು.

ಅಲ್ಲಿನ ಧಕ್ಕೆಗೆ 2014ರ ಜನವರಿಯಲ್ಲಿ ವಿಕ್ರಮಾದಿತ್ಯ ಬಂತು: ರಷ್ಯದಿಂದ ಕೊಂಡ, ಸುಮಾರು 284 ಮೀಟರ್ ಉದ್ದದ ವಿಮಾನವಾಹಕ ಹಡಗು. ಅದರ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2020ರ ಜನವರಿ 11. ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್‌ನ ಮಾದರಿ ವಿಮಾನವನ್ನು ಬೆಳಿಗ್ಗೆ 10.02ಕ್ಕೆ ಕಮೊಡೋರ್ ಜೈದೀಪ್ ಮಾವಳಂಕರ್ ಅರಬ್ಬೀ ಸಮುದ್ರದಲ್ಲಿದ್ದ ಆ ಹಡಗಿನ ಮೇಲಿಳಿಸಿದರು.

ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ 2019ರ ಮಾರ್ಚ್‌ನಲ್ಲಿ ಕ್ರೂ ಡ್ರ್ಯಾಗನ್ ಬಾಹ್ಯಾಕಾಶ ನೌಕೆಯನ್ನು ಮೊದಲ ಸಲ ಹಾರಿಸಿದಾಗ ಒಳಗೆ ಕೂತದ್ದು ಬೊಂಬೆ. ತೇಜಸ್‌ಗೆ ಆ ಅನುಕೂಲವಿರಲಿಲ್ಲ, ಮೊದಲ ಸಲವೇ ಪೈಲಟ್ ಒಳಗಿರಬೇಕು. ಅದಕ್ಕೇ ಗೋವಾದ ಹಂಸ ನೆಲೆಯಲ್ಲಿ ಹಡಗಿನ ಡೆಕ್ಕನ್ನು ಹೋಲುವ ತಾಲೀಮು ಕಟ್ಟೆಯನ್ನೇ ಕಟ್ಟಿದ್ದರು. ವಿಮಾನದ ಬಾಲದ ಕೊಕ್ಕೆ, ಡೆಕ್ಕಿಗೆ ಅಡ್ಡ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿಯಬೇಕು. ಕಟ್ಟೆಯ ಮೇಲೆ ಅದು ಮೊದಲು ಸಾಧ್ಯವಾದದ್ದು 2019ರ ಸೆಪ್ಟೆಂಬರ್ 13ರಂದು. ಇನ್ನೊಂದು ಸಂಗತಿ ಕೇಳಿದವರೆಲ್ಲ ಹುಬ್ಬೇರಿಸುತ್ತಾರೆ. ಡೆಕ್ಕಿಗೆ ಚಕ್ರ ತಾಗುತ್ತಲೇ ಪೈಲಟ್ ಎಂಜಿನ್ ತಗ್ಗಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಮೇಲೇಳಬೇಕಲ್ಲ! ಮರುದಿನ ಹಡಗಿನ ಮೂತಿಯ ಏರುದಾರಿಯಿಂದ ತೇಜಸ್ ಹಾರಿಯೂ ಹೋಯಿತು.

ಆದರೆ ಅದು ಹಡಗಿನ ಪಡೆಗೆ ಸೇರಲಿಲ್ಲ. ತೂಕ ಹೆಚ್ಚೆಂದು ನೌಕಾಪಡೆ 2016ರಲ್ಲೇ ಹೇಳಿತ್ತು. ಹಾಗೆಂದು ಪರೀಕ್ಷೆ ಕೈಬಿಡಲಿಲ್ಲ, ಕೈಬಿಡದ್ದೇ ಸರಿ. ಅಲ್ಲಿ ಕಲಿತದ್ದು ಎರಡು ಎಂಜಿನ್‌ಗಳ ಮುಂದಿನ ನೌಕಾ ವಿಮಾನದ ವಿನ್ಯಾಸಕ್ಕೆ ಬೇಕಾಯಿತು.

ಇಷ್ಟಾದರೂ ಕಾರವಾರದಲ್ಲಿ ಹಡಗಿದೆ, ರನ್‌ವೇ ಇಲ್ಲ. ಯುದ್ಧವಿಮಾನಗಳು ಹಂಸದಿಂದಲೇ ಬರಬೇಕು. ಆ ಕೊರತೆ ನೀಗಿಸಲೆಂದೇ ಅಂಕೋಲೆಯ ಅಲಗೇರಿಯಲ್ಲಿ ನೌಕಾ ವಿಮಾನ ನಿಲ್ದಾಣದ ಯೋಜನೆ ಬಂದಿದೆ, ಜನರ ಓಡಾಟಕ್ಕೂ ಅಲ್ಲೇ ಜಾಗ ಸಿಗಲಿದೆ. ಬರಲಿ, ಬೇಡವೆನ್ನುವವರು ನಾವಲ್ಲ. ಆದರೆ 13 ಹಳ್ಳಿಗಳವರಂತೆ ಅಲಗೇರಿಯವರೂ ಕೋರ್ಟು ಅಲೆಯುವಂತಾಗದಿರಲಿ. ಮೊದಲ ವಿಮಾನ ಇಳಿಯುವ ಮುನ್ನ ಪರಿಹಾರದ ಕೊನೆಯ ಕಂತೂ ಪಾವತಿಯಾಗಲಿ.