ಕೆರೆ ಹೂಳೆತ್ತುವಾಗ ಆಮೆಗಳ ರಕ್ಷಣೆ: ಬೇಸಿಗೆ ನಿದ್ರೆಯ ಅರಿವು ಮತ್ತು ಅನುಸರಿಸಬೇಕಾದ ಕ್ರಮಗಳು

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿದ್ದು, ಬಯಲುಸೀಮೆಯ ಅನೇಕ ಕೆರೆಗಳು ಮಾರ್ಚ್‌ನಿಂದ ಮೇ ತಿಂಗಳ ಅವಧಿಯಲ್ಲಿ ಬತ್ತುತ್ತವೆ. ಹೂಳೆತ್ತಿ ಹೊಲಗಳಿಗೆ ಸಾಗಿಸಲು ಇದೇ ಸೂಕ್ತ ಕಾಲ. ಜೇಡಿ ಮತ್ತು ಸಾವಯವ ಅಂಶಗಳಿರುವ ಹೂಳು ಮರಳು ಮಿಶ್ರಿತ ಕೆಂಪು ಭೂಮಿಯ ತೇವಾಂಶ ಹಿಡಿದಿಡುವ ಶಕ್ತಿಯನ್ನು ಹೆಚ್ಚಿಸುತ್ತದೆ. ಆದರೆ ಇದೇ ಅವಧಿಯಲ್ಲಿ ಕೆರೆಯ ಆಮೆಗಳು ಅದೇ ಹೂಳಿನೊಳಗೆ ಹುದುಗಿ ನಿದ್ರಾವಸ್ಥೆಯಲ್ಲಿರುತ್ತವೆ. ಅಗೆಯುವ ಯಂತ್ರಕ್ಕೆ ಸಿಕ್ಕಿ ಕೆಲವು ಸಾಯುತ್ತವೆ. ಸತ್ತಿವೆಯೆಂದು ಭಾವಿಸಿ ಕೆಲವನ್ನು ಬಿಸಿಲಿಗೆ ಎಸೆಯಲಾಗುತ್ತದೆ. ಇನ್ನು ಕೆಲವನ್ನು ಸಾಕಲೆಂದು ಮನೆಗೆ ಒಯ್ಯಲಾಗುತ್ತದೆ. ಈ ಮೂರನ್ನೂ ಮುಂಜಾಗ್ರತೆಯಿಂದ ತಪ್ಪಿಸಬಹುದು.

ಚಳಿಗಾಲದ ನಿದ್ರೆ ಮತ್ತು ಬೇಸಿಗೆ ನಿದ್ರೆ

ಆಮೆ ಶೀತರಕ್ತ ಪ್ರಾಣಿ. ಅದರ ದೇಹದ ಉಷ್ಣಾಂಶವು ಸುತ್ತಲಿನ ಉಷ್ಣಾಂಶವನ್ನು ಅವಲಂಬಿಸಿರುತ್ತದೆ. ಪರಿಸರ ಪ್ರತಿಕೂಲವಾದಾಗ ಅದು ಆಹಾರ ಸೇವನೆ ಹಾಗೂ ಚಲನೆಯನ್ನು ನಿಲ್ಲಿಸಿ, ಹೃದಯ ಬಡಿತ ಮತ್ತು ಉಸಿರಾಟವನ್ನು ತಗ್ಗಿಸಿಕೊಂಡು, ದೇಹದಲ್ಲಿ ಸಂಗ್ರಹವಾದ ಕೊಬ್ಬಿನಿಂದ ಜೀವ ಹಿಡಿದಿರುತ್ತದೆ.

ಶೀತ ದೇಶಗಳಲ್ಲಿ ಈ ನಿದ್ರೆಗೆ ಚಳಿಯೇ ಕಾರಣ. ಉತ್ತರ ಅಮೆರಿಕದ ಚಿತ್ತಾರದ ಆಮೆಯು ಹಿಮಗಟ್ಟಿದ ಕೊಳದ ತಳದಲ್ಲಿ, ಮೇಲೆ ಬಂದು ಉಸಿರಾಡದೆ, ತಿಂಗಳುಗಟ್ಟಲೆ ಬದುಕುತ್ತದೆ. ಆಗ ದೇಹದಲ್ಲಿ ಶೇಖರವಾಗುವ ಲ್ಯಾಕ್ಟಿಕ್ ಆಮ್ಲವನ್ನು ಅದರ ಚಿಪ್ಪಿನಲ್ಲಿರುವ ಕಾರ್ಬೊನೇಟ್ ತಟಸ್ಥಗೊಳಿಸುತ್ತದೆ. ನಮ್ಮಲ್ಲಿ ಬೀದರ್, ವಿಜಯಪುರದಂತಹ ಜಿಲ್ಲೆಗಳಲ್ಲಿ ಡಿಸೆಂಬರ್–ಜನವರಿ ತಿಂಗಳ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದುಂಟು. ಆದರೂ ಹಗಲು ಬಿಸಿಲೇರುವುದರಿಂದ ಆಮೆಗಳು ಕೆಲಕಾಲ ಮಂದವಾಗುತ್ತವೆಯೇ ಹೊರತು ದೀರ್ಘ ನಿದ್ರೆಗೆ ಜಾರುವುದಿಲ್ಲ. ನಮ್ಮ ಕೆರೆಗಳ ಆಮೆಗಳಿಗೆ ಮುಖ್ಯ ಸವಾಲು ನೀರಿನ ಕೊರತೆ. ಆದ್ದರಿಂದ ಇಲ್ಲಿ ಕಂಡುಬರುವುದು ಬೇಸಿಗೆ ನಿದ್ರೆ.

ಯಾವ ಆಮೆ? ರೈತರಿಗೆ ಏನು ಉಪಯೋಗ?

ಹೂಳಿನಲ್ಲಿ ಸಾಮಾನ್ಯವಾಗಿ ದೊರೆಯುವುದು ಮೆದುಚಿಪ್ಪಿನ ಕೆರೆ ಆಮೆ. ಇದರ ಚಿಪ್ಪು ನುಣುಪಾಗಿ, ಚರ್ಮದ ಹೊದಿಕೆಯಿಂದ ಕೂಡಿರುತ್ತದೆ. ಹೊಟ್ಟೆಯ ಭಾಗದಲ್ಲಿ ಹಿಂಗಾಲುಗಳನ್ನು ಮುಚ್ಚಿಕೊಳ್ಳುವ ಎರಡು ಮಡಿಕೆಗಳಿರುವುದರಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ನೀರು ಇಂಗಿದಾಗ ಇದು ತೇವವಿರುವ ಕೆಸರನ್ನು ಕೊರೆದು ಒಳಸೇರುತ್ತದೆ. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಅಡಿಯಲ್ಲಿ ಆಮೆ ಜೀವಂತವಾಗಿರುತ್ತದೆ; ಮಳೆ ಬಿದ್ದು ನೀರು ತುಂಬಿದಾಗ ಹೊರಬರುತ್ತದೆ.

ಬಸವನಹುಳು, ಕೀಟಗಳು, ಕಪ್ಪೆ, ಮೀನು ಹಾಗೂ ಜಲಸಸ್ಯಗಳ ಜೊತೆಗೆ ಸತ್ತ ಪ್ರಾಣಿಗಳನ್ನೂ ಈ ಆಮೆ ತಿನ್ನುತ್ತದೆ. ಕೊಳೆಯುವ ಕಳೇಬರಗಳನ್ನು ತೆರವುಗೊಳಿಸುವ ಮೂಲಕ, ಜಾನುವಾರು ಕುಡಿಯುವ ಕೆರೆಯ ನೀರು ಕೆಡದಂತೆ ನೆರವಾಗುತ್ತದೆ.

ಹೂಳೆತ್ತುವ ಮುನ್ನ

1. ಆಮೆಗಳು ಹೆಚ್ಚಾಗಿ ಸೇರುವುದು ಕೊನೆಯವರೆಗೆ ತೇವ ಉಳಿಯುವ ತಗ್ಗಿನಲ್ಲಿ ಹಾಗೂ ಜೊಂಡು ಬೆಳೆದ ಅಂಚುಗಳಲ್ಲಿ. ಇಂತಹ ಜಾಗಗಳನ್ನು ಮೊದಲೇ ಗುರುತಿಸಿರಿ.
2. ಇಡೀ ಕೆರೆಯನ್ನು ಒಂದೇ ವರ್ಷ ಕೆರೆಯದೆ, ಭಾಗಗಳಾಗಿ ವಿಂಗಡಿಸಿ ಹೂಳೆತ್ತುವಂತೆ ಗ್ರಾಮ ಪಂಚಾಯಿತಿಯಲ್ಲಿ ಚರ್ಚಿಸಿರಿ.
3. ಯಂತ್ರ ಚಾಲಕರಿಗೂ ನರೇಗಾ ಕೂಲಿಕಾರರಿಗೂ ವಿಷಯ ತಿಳಿಸಿರಿ. ವಿಸ್ತರಣಾ ಕಾರ್ಯಕರ್ತರು ಕಾಮಗಾರಿ ಆರಂಭದ ದಿನ ಸ್ಥಳದಲ್ಲಿದ್ದು ಮಾಹಿತಿ ನೀಡುವುದು ಉತ್ತಮ.

ಆಮೆ ದೊರೆತಾಗ

1. ತೇವವಿರುವ ಭಾಗದಲ್ಲಿ ಹೂಳನ್ನು ತೆಳು ಪದರಗಳಾಗಿ ತೆಗೆಯಿರಿ. ಒಂದು ಆಮೆ ಕಂಡರೆ ಯಂತ್ರ ನಿಲ್ಲಿಸಿ, ಸುತ್ತಲಿನ ಮಣ್ಣನ್ನು ಕೈಯಿಂದ ಪರೀಕ್ಷಿಸಿರಿ.
2. ಅಲುಗಾಡದ ಆಮೆ ಸತ್ತಿದೆಯೆಂದು ತೀರ್ಮಾನಿಸಬೇಡಿರಿ. ನೆರಳಿನಲ್ಲಿ, ಒದ್ದೆ ಗೋಣಿಚೀಲದ ಮೇಲಿರಿಸಿ ಗಮನಿಸಿರಿ.
3. ಚಿಪ್ಪಿನ ಹಿಂಭಾಗದ ಎರಡೂ ಬದಿ ಹಿಡಿದು ಎತ್ತಿರಿ. ಇದರ ಕತ್ತು ಉದ್ದವಾಗಿದ್ದು, ಹಿಂದಕ್ಕೆ ತಿರುಗಿಸಿ ಕಚ್ಚಬಲ್ಲದು. ಕಾಲು ಅಥವಾ ಬಾಲ ಹಿಡಿದು ಎಳೆಯಬಾರದು. ನಂತರ ಕೈಗಳನ್ನು ಸೋಪಿನಿಂದ ತೊಳೆಯಿರಿ.
4. ಅದೇ ಕೆರೆಯಲ್ಲಿ ಅಗೆಯದೆ ಉಳಿಸಿದ, ನೆರಳು ಮತ್ತು ತೇವವಿರುವ ಜಾಗದಲ್ಲಿ ಬಿಡಿರಿ. ನೀರಿದ್ದರೆ ಆಳಕ್ಕೆ ಎಸೆಯದೆ ದಡದ ಕೆಸರಿನಲ್ಲಿ ಇಡಿರಿ, ತಾನಾಗಿ ಒಳಸೇರುತ್ತದೆ.
5. ತೆರೆದ ಬಾವಿಗೆ ಅಥವಾ ಪಾಲಿಥೀನ್ ಹೊದಿಸಿದ ಕೃಷಿ ಹೊಂಡಕ್ಕೆ ಬಿಡಬೇಡಿರಿ. ಜಾರುವ ಗೋಡೆಯಿಂದ ಆಮೆ ಮೇಲೇರಲಾರದು. ಕೃಷಿ ಹೊಂಡದ ಒಂದು ಬದಿಯಲ್ಲಿ ಹಗ್ಗದ ಬಲೆ ಅಥವಾ ಮಣ್ಣು ತುಂಬಿದ ಚೀಲಗಳನ್ನು ನೀರಿನವರೆಗೆ ಇಳಿಬಿಟ್ಟರೆ, ಬಿದ್ದ ಪ್ರಾಣಿಗಳು ಹೊರಬರಲು ಅನುಕೂಲವಾಗುತ್ತದೆ.
6. ಮೊಟ್ಟೆಗಳು ಕಂಡರೆ ಮಗ್ಗಲು ಬದಲಿಸದೆ, ಅದೇ ಮಣ್ಣಿನಿಂದ ಮುಚ್ಚಿರಿ. ಮೊಟ್ಟೆಯನ್ನು ತಿರುಗಿಸಿದರೆ ಒಳಗಿನ ಭ್ರೂಣ ಸಾಯಬಹುದು.
7. ಗಾಯಗೊಂಡ ಆಮೆಯ ಬಗ್ಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿರಿ.

ಮನೆಯಲ್ಲಿ ಸಾಕಬಾರದೇಕೆ?

ಆಮೆ ಮನೆಯಲ್ಲಿದ್ದರೆ ಅದೃಷ್ಟ ಬರುತ್ತದೆಂಬ ನಂಬಿಕೆ ಕೆಲವೆಡೆ ಇದೆ. ಆದರೆ ಮೆದುಚಿಪ್ಪಿನ ಕೆರೆ ಆಮೆ ಮತ್ತು ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ. ಇವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. 2022ರ ತಿದ್ದುಪಡಿಯ ನಂತರ ಇದಕ್ಕೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು. ಸಿಮೆಂಟ್ ತೊಟ್ಟಿಯಲ್ಲಿಟ್ಟ ಆಮೆಗೆ ಹುದುಗಲು ಕೆಸರಿಲ್ಲದ ಕಾರಣ, ಅದು ಬೇಸಿಗೆಯ ತಾಪದಿಂದ ತಪ್ಪಿಸಿಕೊಳ್ಳಲಾರದು.

ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಕೆಂಪುಕಿವಿಯ ಆಮೆ ಅಮೆರಿಕ ಮೂಲದ್ದು. ಚಳಿಗಾಲದಲ್ಲಿ ಅದು ಆಹಾರ ಬಿಟ್ಟು ಮಂಕಾದರೆ ನಿದ್ರೆಯೆಂದು ಸುಮ್ಮನಿರದೆ ಪಶುವೈದ್ಯರಿಗೆ ತೋರಿಸಿರಿ. ಅದು ಕಾಯಿಲೆಯ ಲಕ್ಷಣವೂ ಆಗಿರಬಹುದು. ಸಾಕಲಾರದೆ ಕೆರೆಗೆ ಬಿಡುವುದಂತೂ ಸಲ್ಲದು. ವಿಶ್ವದ 100 ಅತ್ಯಂತ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಇದು, ಆಹಾರ ಹಾಗೂ ಬಿಸಿಲು ಕಾಯುವ ಜಾಗಕ್ಕಾಗಿ ಸ್ಥಳೀಯ ಆಮೆಗಳೊಂದಿಗೆ ಸ್ಪರ್ಧಿಸುತ್ತದೆ.

ಗಮನಿಸಿ

ಹೂಳು ಸಾಗಿಸುವ ಮುನ್ನ ಅದರ ಮಾದರಿಯನ್ನೂ ಹೊಲದ ಮಣ್ಣನ್ನೂ ಪರೀಕ್ಷೆ ಮಾಡಿಸಿರಿ. ಹೊಲದಲ್ಲಿ ರಾಶಿ ಸುರಿದ ಹೂಳನ್ನು ಹರಡುವಾಗ ಮತ್ತೊಮ್ಮೆ ನೋಡಿರಿ. ಯಂತ್ರದ ಕಣ್ತಪ್ಪಿಸಿ ಬಂದ ಆಮೆ ಹೆಂಟೆಯೊಳಗೆ ಜೀವಂತವಾಗಿರಬಹುದು. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.